ತಪ್ಪು ಹೇಳಿದವರಿಗೆ ಮೊದಲ ರೊಟ್ಟಿ

ಆದವಾನಿಯ ಹತ್ತಿ ಪೇಟೆಯ ಹಿಂದಿನ ಶಾಲೆಯಲ್ಲಿ, ಐದನೆಯ ತರಗತಿಯ ಗಾದಿಲಿಂಗಮ್ಮನ ಹಣೆಯ ಮೇಲೆ ಸೀಮೆಸುಣ್ಣದಿಂದ ಸೊನ್ನೆ ಬರೆದು ಮನೆಗೆ ಕಳಿಸಿದರು. ಬರೆಯಲು ಹೇಳಿದವರು ಭೀಮಲಿಂಗಪ್ಪ ಮೇಷ್ಟ್ರು. ಬರೆದವಳು ಆಕೆಯ ಪಕ್ಕದಲ್ಲೇ ಕೂಡುವ ಆದಿಲಕ್ಷ್ಮಿ. ಕೂದಲು ಅಡ್ಡ ಬರಬಾರದೆಂದು ಗಾದಿಲಿಂಗಮ್ಮ ತನ್ನ ಮುಂಗೂದಲನ್ನು ತಾನೇ ಎತ್ತಿ ಹಿಡಿಯಬೇಕಾಯಿತು. ಮನೆ ಮುಟ್ಟುವವರೆಗೆ ಅಳಿಸಬಾರದೆಂದು ಅಪ್ಪಣೆಯಾಯಿತು. ಇದು ೧೯೫೫ರ ಫೆಬ್ರವರಿಯಲ್ಲಿ ನಡೆದದ್ದು. ಹುಡುಗಿಗೆ ಆಗ ಹನ್ನೊಂದು ವರ್ಷ.

ಹತ್ತಿಯ ಸುಗ್ಗಿ. ಬಂಡಿಗಳು ಬೀದಿಯುದ್ದಕ್ಕೂ ನಿಂತಿದ್ದವು. ಬಂಡಿಯ ಮೂಕಿಯ ಮೇಲೆ ಕೂತವರು, ಚಹಾ ಕುಡಿಯುತ್ತಿದ್ದವರು, ಹತ್ತಿಯ ಬೀಜ ಬಿಡಿಸುವ ಜಿನ್ನಿನ ಬಾಗಿಲಲ್ಲಿ ಸೆರಗಿನಿಂದ ಧೂಳು ಕೊಡವಿಕೊಳ್ಳುತ್ತಿದ್ದ ಹೆಂಗಸರು, ಎಲ್ಲರೂ ನೋಡಿದರು. ಒಬ್ಬ ಬಂಡಿಯವನು, "ಏನವ್ವಾ, ಬೊಟ್ಟು ಬಾಳ ದೊಡ್ಡದಾತಲ್ಲ!" ಎಂದ. ಆಕೆ ಓಡಲಿಲ್ಲ. ಓಡಿ ಬೆವರಿ ಸೊನ್ನೆ ಅಳಿಸಿಹೋದರೆ ನಾಳೆ ಎರಡು ಬರೆಸಿಕೊಳ್ಳಬೇಕಿತ್ತು.

ಆಕೆಯ ಅಪ್ಪ ಸುಂಕಣ್ಣ ಹತ್ತಿ ಪ್ರೆಸ್ಸಿನಲ್ಲಿ ಬೇಲುಗಳಿಗೆ ಕಬ್ಬಿಣದ ಪಟ್ಟಿ ಬಿಗಿಯುವವನು. ಅವ್ವ ಸುಭದ್ರಮ್ಮ, ಹೆಂಡತಿ ಮಕ್ಕಳನ್ನು ಹಳ್ಳಿಯಲ್ಲಿ ಬಿಟ್ಟು ಬಂದ ಪ್ರೆಸ್ಸಿನ ಆಳುಗಳಿಗೆ ಮಧ್ಯಾಹ್ನದ ಜೋಳದ ರೊಟ್ಟಿ ಬಡಿದುಹಾಕುತ್ತಿದ್ದಳು. ಹನ್ನೆರಡು ಹೊಡೆದರೆ ಅಂಗಳದ ತುಂಬ ಗಂಡಸರು, ಮೈತುಂಬ ಹತ್ತಿಯ ನಾರು. ಗಾದಿಲಿಂಗಮ್ಮ ಬಂದಾಗ ಅವರು ಇನ್ನೂ ಬಂದಿರಲಿಲ್ಲ. ಒಲೆಯ ಮುಂದೆ ಅವ್ವ, ಮೊರದ ಮುಂದೆ ಅಜ್ಜಿ ದಸ್ತಗಿರಮ್ಮ.

"ಲಿಂಗೀ, ಯಾರೇ ಇದನ್ನ ಬರೆದೋರು?" ಎಂದಳು ಅಜ್ಜಿ. ಮನೆಯಲ್ಲಿ ಆಕೆ ಲಿಂಗಿ.

"ಆದಿಲಕ್ಷ್ಮಿ."

"ಬರಿ ಅಂದೋರು?"

"ಮೇಷ್ಟ್ರು."

"ಏನ್ ಕದ್ದಿ?"

"ಕದ್ದಿಲ್ಲಜ್ಜೀ. ಲೆಕ್ಕ ಬರಲಿಲ್ಲ."

ದಸ್ತಗಿರಮ್ಮ ರೊಟ್ಟಿ ತಟ್ಟುವ ನೀರಿನಲ್ಲಿ ಅಂಗೈ ಅದ್ದಿದಳು. "ಈಬತ್ತಿ ಹಚ್ಚೋ ಹಣಿ ಇದು. ಅವನ ಕೈ ಸೇದಿಹೋಗ," ಎಂದು ಎರಡು ಸಲ ಗಟ್ಟಿಯಾಗಿ ಒರೆಸಿದಳು. ಸೀಮೆಸುಣ್ಣ ಹೋಯಿತು. ಆದಿಲಕ್ಷ್ಮಿ ಒತ್ತಿ ಬರೆದಿದ್ದರಿಂದ ಕೆಂಪು ಗೆರೆಯ ದುಂಡು ಉಳಿಯಿತು.

ಅಷ್ಟರಲ್ಲಿ ಸುಂಕಣ್ಣ ಬಂದ. ಮಗಳು ಮನೆ ಮುಟ್ಟುವ ಮೊದಲೇ ಸುದ್ದಿ ಪ್ರೆಸ್ಸು ಮುಟ್ಟಿತ್ತು.

"ಅಳಿಸಬಾರದಾಗಿತ್ತವ್ವಾ. ನಾನೂ ನೋಡ್ತಿದ್ದೆ. ಊರೆಲ್ಲಾ ನೋಡೈತಿ, ಹಡೆದ ಅಪ್ಪ ನೋಡಬಾರದೇನು?" ಆತ ಮಗಳ ಮುಂದೆ ನಿಂತ. "ಏನ್ ಕೇಳಿದ್ರು?"

"ಹದಿನಾರು ಎಂಟ್ಲೆ."

"ಎಷ್ಟು?"

ಹುಡುಗಿ ನೆಲ ನೋಡಿದಳು.

"ಹದಿನಾರು ಎಂಟ್ಲೆ ಎಷ್ಟು? ಹೇಳು ಅಂದೆ!"

ಆಕೆಯ ಅಂಗೈ ಒದ್ದೆಯಾಯಿತು. ಗುಣಿಸಲು ಹೋದರೆ ಆ 'ಹೇಳು' ಎನ್ನುವ ಮಾತೊಂದೇ ತಲೆಯೊಳಗೆ ತಿರುಗುತ್ತಿತ್ತು. ಸುಂಕಣ್ಣ ಕಂಚಿನ ಗಂಗಾಳವನ್ನು ನೆಲಕ್ಕೆ ಕುಕ್ಕಿದ.

"ಮೇಷ್ಟ್ರು ಹೇಳಿಕಳಿಸ್ಯಾರ. ಉಗಾದಿಗೆ ಮೊದಲು ಇನ್ಸ್‌ಪೆಕ್ಟರು ಬರ್ತಾರಂತ. ಅವರ ಮುಂದೂ ಸೊನ್ನಿ ಆತಂದ್ರ ಹಾಜರಿಯಾಗಿಂದ ಹೆಸರು ತೆಗಿತಾರಂತ. ತೆಗಿಲಿ. ಉಗಾದಿ ಮರುದಿನ ಜಿನ್ನಿಗೆ ಬಾ. ಹತ್ತಿ ಹಸನು ಮಾಡಾಕ ಮಗ್ಗಿ ಬೇಕಾಗಿಲ್ಲ. ಆಳು ಹಚ್ಚೋ ಮುಕದ್ದಮಗೆ ಹೆಸರು ಹೇಳೇ ಬಂದೀನಿ."

ಸುಭದ್ರಮ್ಮನ ಕೈ ಹಂಚಿನ ಮೇಲೆ ನಿಂತಿತು. ಜಿನ್ನಿನಲ್ಲಿ ಎಂಟು ವರ್ಷ ಹತ್ತಿಯಿಂದ ಕಸ ಆರಿಸಿದವಳು ಆಕೆ. ಆ ಧೂಳು ಇನ್ನೂ ಆಕೆಯ ಎದೆಯಿಂದ ಹೋಗಿರಲಿಲ್ಲ. ಬೆಳಗಿನ ಜಾವದ ಕೆಮ್ಮಿಗೆ ನೆರೆಮನೆಯವರು ಏಳುತ್ತಿದ್ದರು.

"ನನ್ನ ಕೆಮ್ಮು ಕೇಳಿ ಸಾಕಾಗಿಲ್ಲೇನು ನಿಂಗ?" ಎಂದಳು. "ಈಕಿದೂ ಕೇಳಬೇಕೇನು?"

ಹಂಚಿನ ಮೇಲಿನ ರೊಟ್ಟಿ ಕರಕಾಯಿತು.

*

ಮಾರನೆಯ ಬೆಳಿಗ್ಗೆ ಸುಭದ್ರಮ್ಮ ಹಿಟ್ಟಿನ ಗಡಿಗೆಯ ಮುಂದೆ ಕೂತು, ದಿನವೂ ಕೇಳುವಂತೆ ಕೇಳಿದಳು: "ಲಿಂಗೀ, ಇವತ್ತು ಹದಿನಾಲ್ಕು ಮಂದಿ. ಮೂರ್ಮೂರು ರೊಟ್ಟಿ. ಎಷ್ಟು ಹಿಟ್ಟು ತೆಗೀಲೇ?"

"ಮೂರೂವರಿ ಸೇರು," ಎಂದಳು ಹುಡುಗಿ, ಕೊಟ್ಟಿಗೆಯಿಂದ ಕುಳ್ಳು ತರುತ್ತ.

ದಿನವೂ ಕೇಳುವ ಪ್ರಶ್ನೆ, ದಿನವೂ ಬರುವ ಉತ್ತರ. ಅವತ್ತು ಮಾತ್ರ ಸುಭದ್ರಮ್ಮ ಸೇರನ್ನು ಕೈಯಲ್ಲೇ ಹಿಡಿದು ಕೂತಳು.

"ಹೆಂಗ ಹೇಳಿದಿ?"

"ಸೇರಿಗೆ ಹನ್ನೆರಡು ರೊಟ್ಟಿ ಆಗತಾವಲ್ಲವ್ವಾ. ನಲವತ್ತೆರಡಕ್ಕ ಮೂರೂವರಿ."

"ಮತ್ತ ಇದು ಲೆಕ್ಕ ಅಲ್ಲೇನೇ?"

"ಇದು ರೊಟ್ಟಿ," ಎಂದಳು ಗಾದಿಲಿಂಗಮ್ಮ.

ದಸ್ತಗಿರಮ್ಮ ಮೊರ ಕೆಳಗಿಟ್ಟಳು. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿದರು. ಆ ಹುಡುಗಿಗೆ ಅಳೆಯುವುದನ್ನು ಕಲಿಸಿದವಳು ಈ ಅಜ್ಜಿಯೇ. ನಾಲ್ಕು ವರ್ಷದವಳಿದ್ದಾಗ ಜೋಳದ ರಾಶಿಯ ಮುಂದೆ ಕೂಡಿಸಿ, ಸೇರು ಕೈಗೆ ಕೊಟ್ಟು, 'ಲಾಭ, ಎರಡು, ಮೂರು' ಎಂದು ಎಣಿಸಲು ಕಲಿಸಿದ್ದಳು. ಕಣದಲ್ಲಿ ಮೊದಲ ಸೇರಿಗೆ ಯಾರೂ 'ಒಂದು' ಅನ್ನುವುದಿಲ್ಲ. ಲಾಭ ಎಂದೇ ಶುರು.

ಕೇಡು ಆಗಿದ್ದೂ ಅಲ್ಲಿಂದಲೇ. ಹೋದ ವರ್ಷ ಭೀಮಲಿಂಗಪ್ಪ ಮೇಷ್ಟ್ರು ಹುಣಸೆಬೀಜ ಕೊಟ್ಟು ಎಲ್ಲರ ಮುಂದೆ ಎಣಿಸಲು ಹೇಳಿದಾಗ ಗಾದಿಲಿಂಗಮ್ಮ ರೂಢಿಯಂತೆ "ಲಾಭ, ಎರಡು..." ಎಂದಳು. "ಲಾಭ ಅಂಬೋ ಅಂಕಿ ಯಾವ ದೇಶದ್ದೇ? ಬೋರ್ಡಿನ ಮ್ಯಾಲ ಬರೆದು ತೋರ್ಸು," ಎಂದರು ಮೇಷ್ಟ್ರು. ಆಕೆ ಸೀಮೆಸುಣ್ಣ ಹಿಡಿದು ನಿಂತಳು. ನಲವತ್ತು ಮಕ್ಕಳು ನಕ್ಕರು. ಮೇಷ್ಟ್ರು ಆಕೆಯನ್ನು ಹಾಗೆಯೇ ಗಂಟೆ ಹೊಡೆಯುವವರೆಗೆ ನಿಲ್ಲಿಸಿದರು. ಅವತ್ತಿನಿಂದ ಶಾಲೆಯಲ್ಲಿ ಆಕೆಯ ಹೆಸರು ಲಾಭಮ್ಮ. ಅವತ್ತಿನಿಂದ ಬೋರ್ಡಿನ ಮುಂದೆ ಹೋದರೆ ಅಂಗೈ ಎಷ್ಟು ಬೆವರುತ್ತಿತ್ತೆಂದರೆ, ಸೀಮೆಸುಣ್ಣ ನೆನೆದು ಗೆರೆಯೇ ಮೂಡುತ್ತಿರಲಿಲ್ಲ. ಬರೆದರೂ ಸೊನ್ನೆ, ಬರೆಯದಿದ್ದರೂ ಸೊನ್ನೆ.

ಇದನ್ನು ಆಕೆ ಮನೆಯಲ್ಲಿ ಹೇಳಿರಲಿಲ್ಲ. ಅವತ್ತು ಒಲೆಗೆ ಕುಳ್ಳು ಒಡ್ಡುತ್ತ ಹೇಳಿದಳು.

"ಅಯ್ಯ, ನನ್ನ ಮಾತಿಗೇ ನಕ್ಕನೇನು ಅವ?" ಎಂದಳು ದಸ್ತಗಿರಮ್ಮ. "ಅವ ತಿಂಬೋ ಜೋಳ ಹಂಗೇ ಅಳೆದು ಬಂದಿದ್ದು!"

*

ಹೆಂಡತಿಯ ಕೆಮ್ಮಿನ ಮಾತು ನಾಟಿತ್ತೋ ಏನೋ, ಸುಂಕಣ್ಣ ತನಗೆ ತಿಳಿದ ರೀತಿಯಲ್ಲಿ ಮಗಳನ್ನು ಇನ್ಸ್‌ಪೆಕ್ಟರ ಮುಂದೆ ಪಾಸಾಗಲು ತಯಾರು ಮಾಡಹೊರಟ. ಆತನಿಗೆ ತಿಳಿದದ್ದು ಒಂದೇ ರೀತಿ. ಬೆಳಿಗ್ಗೆ ಮುಖ ತೊಳೆಯುವಾಗ, "ಹದಿಮೂರು ಏಳ್ಲೆ?" ರಾತ್ರಿ ಊಟಕ್ಕೆ ಕೂತಾಗ, "ಹದಿನೇಳು ಆರ್ಲೆ?" ಮೊದಲ ತುತ್ತಿಗೆ ಒಂದು ಮಗ್ಗಿ, ಎರಡನೆಯ ತುತ್ತಿಗೆ ಒಂದು ಬೈಗಳ. ವಾರ ಕಳೆಯುವುದರೊಳಗೆ ಹುಡುಗಿ ಅಪ್ಪ ಬರುವ ಸಪ್ಪಳಕ್ಕೆ ಗಂಗಾಳ ಬಿಟ್ಟು ಏಳಲು ಕಲಿತಳು. ಒಂದು ದಿನ ತಿಂದ ಪುಂಡಿಪಲ್ಯ ಅಂಗಳದಲ್ಲೇ ಕಾರಿಕೊಂಡಳು.

ಅವತ್ತು ಸುಭದ್ರಮ್ಮ ರೊಟ್ಟಿಯ ಬುಟ್ಟಿಯನ್ನು ತನ್ನ ಹಿಂದಕ್ಕೆ ಎಳೆದುಕೊಂಡಳು.

"ಕೂಳಿನ ಮುಂದ ಮಗ್ಗಿ ಕೇಳಿದ್ರ ಈ ಮನ್ಯಾಗ ರೊಟ್ಟಿ ಇಲ್ಲ. ಕೇಳಿದೋರಿಗೇ ಇಲ್ಲ."

"ನಾ ಯಾರ ಸಲುವಾಗಿ ಕೇಳಾಕತ್ತೀನಿ? ಆಕಿ ಪಾಸಾಗ್ಲಿ ಅಂತ!"

"ಪಾಸಾಗಾಕ ಉಣಬೇಕು. ಉಂಡಿದ್ದು ಹೊಟ್ಟಿಯಾಗ ಇರಬೇಕು."

"ಹೊಡಿತಾ ಕೇಳಿದ್ರನ ಬರ್ತೈತಿ. ನಾವು ಹೊಡಿಸ್ಕೊಂಡಿಲ್ಲೇನು?"

ದಸ್ತಗಿರಮ್ಮ ಗೋಡೆಗೆ ಒರಗಿದವಳು ಅಲ್ಲಿಂದಲೇ ಅಂದಳು: "ಹೊಡಿಸ್ಕೊಂಡಿಯಪ್ಪ. ಬಂತೇನು?"

ಸುಂಕಣ್ಣ ತಾಯಿಯನ್ನು ದುರುಗುಟ್ಟಿ ನೋಡಿದ.

"ಬಂತೇನು ಅಂತ ಕೇಳಿದೆ. ಧೋತ್ರ ಮ್ಯಾಲಕ್ಕೆತ್ತಿ ನಿನ್ನ ಮೊಣಕಾಲ ತೋರ್ಸು ಮಗಳಿಗೆ. ಗರಸಿನ ಮ್ಯಾಲ ಮೊಣಕಾಲೂರಿ ಕುಂದ್ರಿಸಿದ ಗಾಯ ಇನ್ನಾ ಅದಾವ. ಹತ್ತು ವರ್ಷದಾವ ಸಾಲಿ ಬಿಟ್ಟು ಓಡಿ ಬಂದು ಪ್ರೆಸ್ಸಿನಾಗ ಅಡಗಿಕೊಂಡಿದ್ದು ಯಾರು? ನಾನೇನು?"

ಆತ ಉಣ್ಣದೆ ಎದ್ದುಹೋದ. ಅವತ್ತು ಆ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ.

ಉಳಿದ ಮಾತು ಮರುದಿನ ಮಧ್ಯಾಹ್ನ ಬಯಲಿಗೆ ಬಂತು. ಹೇಳಿದವನು ಮೌಲಾಲಿ. ಪ್ರೆಸ್ಸಿನಲ್ಲಿ ಸುಂಕಣ್ಣನ ಜೋಡಿಯಾಳು, ರೊಟ್ಟಿಗೆ ಮೊದಲು ಬಂದು ಕೊನೆಗೆ ಏಳುವವನು. ಸುಂಕಣ್ಣ ಇನ್ನೂ ಬಂದಿರಲಿಲ್ಲ.

"ಅಕ್ಕಾ, ನಿನ್ನ ಗಂಡಗ ಬುದ್ಧಿ ಹೇಳು. ಕಾಟಾದ ಹಂತೇಲಿ ನಿಂತು ಬೇಲಿನ ತೂಕ ಓದಿ ಕೂಗೋ ಕೆಲಸ ಐತಿ. ಬಿಗಿಯೋದಿಲ್ಲ, ಹೊರೋದಿಲ್ಲ. ಎರಡು ಸಲ ಕರೆದ್ರು. ಈತ ಬೆನ್ನು ನೋವು ಅಂತಾನ. ಬೆನ್ನು ನೋವು ಇದ್ದಾವ ಬೇಲು ಹೊರ್ತಾನ, ಕಾಟಾ ನೋಡಾಕ ಆಗಂಗಿಲ್ಲಂತ! ನಾ ಇಂಥಾ ಬೆನ್ನು ನೋಡಿಲ್ಲ ಬಿಡು."

ಆಳುಗಳು ನಕ್ಕರು. ಸುಭದ್ರಮ್ಮ ನಗಲಿಲ್ಲ. ನೀರು ಬಡಿಸುತ್ತಿದ್ದ ಗಾದಿಲಿಂಗಮ್ಮ ತಂಬಿಗೆ ಹಿಡಿದು ನಿಂತುಬಿಟ್ಟಳು.

ಆ ಸಂಜೆ ಸುಂಕಣ್ಣ ಕಟ್ಟೆಯ ಮೇಲೆ ಕೂತು ಮೈಗಂಟಿದ ನಾರು ಕೀಳುತ್ತಿದ್ದ. ಮಗಳು ಬಂದು ಬೆನ್ನ ಮೇಲಿನದನ್ನು ಕೀಳತೊಡಗಿದಳು. ಬಹಳ ದಿನದ ಮೇಲೆ ಆಕೆ ತಾನಾಗಿ ಅಪ್ಪನ ಹತ್ತಿರ ಬಂದಿದ್ದಳು.

"ಅಪ್ಪಾ, ನಿಂಗ ಲೆಕ್ಕ ಬರ್ತಿದ್ದಿಲ್ಲೇನು?"

"ಇಲ್ಲ ಬಿಡು."

"ಬರ್ತಿದ್ದೇ ಇಲ್ಲೋ, ಇಲ್ಲಾ ಬರ್ತಿತ್ತು, ಮುಂದ ನಿಂತಾಗ ಹೋಗ್ತಿತ್ತೋ?"

ಸುಂಕಣ್ಣ ನಾರು ಕೀಳುವುದನ್ನು ನಿಲ್ಲಿಸಿದ. ಬೀದಿಯಲ್ಲಿ ಖಾಲಿ ಬಂಡಿಯೊಂದು ಗಡಗಡ ಹೋಯಿತು.

"ಹೋಗ್ತಿತ್ತು," ಎಂದ. "ಬೆತ್ತದ ಸಪ್ಪಳ ಕೇಳಿದ್ರ ಹೋಗ್ತಿತ್ತು."

"ನಂದೂ ಹಂಗೇ ಅಪ್ಪಾ."

ಆತ ತಿರುಗಿ ಮಗಳ ಹಣೆಯನ್ನು ನೋಡಿದ. ಕೆಂಪು ಗೆರೆ ಯಾವತ್ತೋ ಮಾಸಿತ್ತು. ಆದರೂ ಆತ ಹೆಬ್ಬೆರಳಿನಿಂದ ಆ ಜಾಗವನ್ನು ಒಮ್ಮೆ ಒರೆಸಿದ.

"ಮುಕದ್ದಮಗೆ ಕೊಟ್ಟ ಮಾತು ವಾಪಸ್ ತಗಂತೀನಿ," ಎಂದ. "ಆದ್ರ ಮೇಷ್ಟ್ರು ಹೆಸರು ಹೊಡೆದ್ರ ನಾ ಏನ್ ಮಾಡ್ಲಿ ಲಿಂಗೀ? ಸಾಲಿ ನನ್ನದಲ್ಲ."

*

ಉಪಾಯ ಹೊಳೆದದ್ದು ಸುಭದ್ರಮ್ಮನಿಗೆ, ರೊಟ್ಟಿ ತಟ್ಟುವಾಗ.

"ಅತ್ತೀ, ಈಕಿಗೆ ಲೆಕ್ಕ ಬರ್ತೈತಿ. ಮಂದಿ ಮುಂದ ನಿಂದರಾಕ ಬರಂಗಿಲ್ಲ. ನಮ್ಮ ಅಂಗಳದಾಗ ದಿನಾ ಹದಿನಾಲ್ಕು ಮಂದಿ ಕುಂದ್ರತಾರ. ಸಾಲಿಯಾಗ ಇರೋದೂ ಮಂದೀನ, ಇಲ್ಲಿರೋದೂ ಮಂದೀನ."

"ಇಲ್ಲಿ ಬೆತ್ತ ಇಲ್ಲ," ಎಂದಳು ದಸ್ತಗಿರಮ್ಮ.

"ನಗೋರು ಇರ್ತಾರಲ್ಲ, ಅದೇ ಚಿಂತಿ."

ಮುದುಕಿ ಸ್ವಲ್ಪ ಹೊತ್ತು ಬಾಯಿ ಚಪ್ಪರಿಸಿದಳು. "ನಗೋರಿಗೆ ಬ್ಯಾರೆ ಕೆಲಸ ಕೊಟ್ರಾತು," ಎಂದಳು.

ಅಂದು ಮಧ್ಯಾಹ್ನ ಆಳುಗಳು ಸಾಲಾಗಿ ಕೂತಾಗ, ಅಂಗಳದ ಸುಣ್ಣದ ಗೋಡೆಯ ಮುಂದೆ ಗಾದಿಲಿಂಗಮ್ಮ ಇದ್ದಿಲು ಹಿಡಿದು ನಿಂತಿದ್ದಳು. ಸುಭದ್ರಮ್ಮ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತು ಕೂಗಿ ಹೇಳಿದಳು:

"ಇವತ್ತಿನಿಂದ ಉಗಾದಿ ತನಕ ಈ ಮನ್ಯಾಗ ಒಂದು ಕಟ್ಟಳಿ. ದಿನಾ ಒಂದು ಲೆಕ್ಕ. ಎಲ್ಲಾರೂ ಹೇಳಬೇಕು. ತಪ್ಪು ಹೇಳಿದೋರಿಗೆ ಮೊದಲ ರೊಟ್ಟಿ, ಬಿಸೀದು. ಸರಿ ಹೇಳಿದೋರಿಗೆ ಕಡೀಗೆ."

"ಇದ್ಯಾವ ನ್ಯಾಯ ಅಕ್ಕಾ?" ಎಂದ ಮೌಲಾಲಿ.

"ಹಸದೋರ ನ್ಯಾಯ."

ದಸ್ತಗಿರಮ್ಮನೇ ಮೊದಲ ಲೆಕ್ಕ ಹಾಕಿದಳು: "ಹದಿನಾರು ಮಂದಿ, ಮಂದಿಗೆ ಎಂಟು ಮೆಣಸಿನಕಾಯಿ. ಎಷ್ಟು?"

ಹುಡುಗಿಯ ಕಿವಿ ಕೆಂಪಾದವು. ಅದೇ ಹದಿನಾರು, ಅದೇ ಎಂಟು. ಆಕೆ ಬಾಯಿ ತೆರೆಯುವ ಮೊದಲೇ ಮುದುಕಿ ತಾನೇ ಕೂಗಿದಳು, "ಮುನ್ನೂರು!"

ಅಂಗಳ ಗೊಳ್ಳೆಂದಿತು. ದಸ್ತಗಿರಮ್ಮ ಕೈ ಚಾಚಿ ಬಿಸಿ ರೊಟ್ಟಿ ಇಸಿದುಕೊಂಡು, ಎಲ್ಲರೂ ನೋಡುವಂತೆ ಮುರಿದು ಬಾಯಿಗಿಟ್ಟಳು. ಮೌಲಾಲಿ ತಡಮಾಡಲಿಲ್ಲ: "ಹನ್ನೊಂದು!" ಮತ್ತೊಬ್ಬ, "ಎರಡು ಸಾವಿರ!" ಇನ್ನೊಬ್ಬ, "ಮೆಣಸಿನಕಾಯಿ ಖಾರ ಎಷ್ಟೈತಿ ಅನ್ನೋದ್ರ ಮ್ಯಾಲ ಹೋಗ್ತೈತಿ!" ರೊಟ್ಟಿಗಳು ಹಾರಿದವು. ಆ ಗದ್ದಲದಲ್ಲಿ ಗಾದಿಲಿಂಗಮ್ಮನ ಕಡೆ ಯಾರೂ ನೋಡುತ್ತಿರಲಿಲ್ಲ. ಆಕೆ ನಗುತ್ತಿದ್ದಳು. ನಗುತ್ತಲೇ ಗೋಡೆಗೆ ತಿರುಗಿ ಬರೆದಳು: ೧೨೮.

"ಸರಿ ಬರೆದಾಳ ನೋಡ್ರೋ," ಎಂದ ಮೌಲಾಲಿ, ರೊಟ್ಟಿ ತುಂಬಿದ ಬಾಯಿಂದ. "ಪಾಪ, ಉಪಾಸ!"

ಹೀಗೆ ಮೂರು ವಾರ. ಎರಡನೆಯ ವಾರಕ್ಕೆ ಆಳುಗಳಿಗೆ ತಪ್ಪು ಹೇಳುವುದೇ ಕಷ್ಟವಾಯಿತು. ತಪ್ಪು ಹೇಳಬೇಕಾದರೂ ಸರಿ ಯಾವುದು ಎಂದು ಮನಸ್ಸಿನಲ್ಲಿ ಎಣಿಸಬೇಕಿತ್ತು, ಇಲ್ಲದಿದ್ದರೆ ಬಾಯಿತಪ್ಪಿ ಸರಿಯೇ ಬಂದುಬಿಡುತ್ತಿತ್ತು. ಒಬ್ಬೊಬ್ಬರಾಗಿ ಎದ್ದುಹೋಗಿ ಗೋಡೆಯ ಮೇಲೆ ಗೀಚಿ ನೋಡತೊಡಗಿದರು. ಹುಡುಗಿಗೂ ತಪ್ಪು ಆಗುತ್ತಿತ್ತು. ಆಗ ಆಕೆ ಗೋಡೆಯ ಬಳಿಯಿಂದ ಓಡಿಬಂದು ಅವ್ವನ ಮುಂದೆ ಕೈ ಚಾಚುತ್ತಿದ್ದಳು. ಬಿಸಿ ರೊಟ್ಟಿ ಮುಗಿಸಿ, ಮತ್ತೆ ಹೋಗಿ ಎಲ್ಲಿ ತಪ್ಪಿತೆಂದು ಹುಡುಕುತ್ತಿದ್ದಳು.

"ಕೈ ಬೆವರಿದ್ರ ಏನ್ ಮಾಡಬೇಕವ್ವಾ?" ಎಂದು ಒಂದು ದಿನ ಕೇಳಿದಳು. "ಇದ್ದಿಲಾದ್ರ ನಡೀತೈತಿ. ಸೀಮೆಸುಣ್ಣ ತೊಯ್ದುಹೋಗ್ತೈತಿ."

"ರೊಟ್ಟಿ ಕೈಗೆ ಅಂಟಿದ್ರ ಏನ್ ಮಾಡ್ತೀವಿ?"

"ಒಣ ಹಿಟ್ಟು ಹಚ್ಕೊಂತೀವಿ."

"ಹಂಗಾದ್ರ ಅಷ್ಟೇ ಮಾಡು. ಬೆವರಿದ್ದಕ್ಕ ಯಾಕ ಅಳಬೇಕು?"

ಸುಂಕಣ್ಣ ಈ ಆಟಕ್ಕೆ ಸೇರಿರಲಿಲ್ಲ. ಮೂಲೆಯಲ್ಲಿ ಕೂತು, ಕೇಳಿದರೆ "ಗೊತ್ತಿಲ್ಲ" ಅನ್ನುತ್ತಿದ್ದ. ಗೊತ್ತಿಲ್ಲ ಅಂದವರಿಗೆ ಕಟ್ಟಳೆಯಲ್ಲಿ ಯಾವ ರೊಟ್ಟಿ ಎಂಬುದರ ಮೇಲೆ ದೊಡ್ಡ ಜಗಳವೇ ಆಗಿತ್ತು. ಮೂರನೆಯ ವಾರದ ಒಂದು ಮಧ್ಯಾಹ್ನ ಮೌಲಾಲಿ ಅಂದ:

"ಇವತ್ತು ನಾ ಹಾಕ್ತೀನಿ ಲೆಕ್ಕ. ಬೇಲಿಗೆ ಏಳು ಪಟ್ಟಿ. ಮುಂಜಾನಿಂದ ಇಪ್ಪತ್ತಾರು ಬೇಲು ಆದ್ವು. ಎಷ್ಟು ಪಟ್ಟಿ?"

"ನೂರಾ ಎಂಬತ್ತೆರಡು," ಎಂದಿತು ಮೂಲೆ.

ಎಲ್ಲರೂ ಮೂಲೆಗೆ ತಿರುಗಿದರು. ಹೇಳಿದವನಿಗೇ ತಾನು ಹೇಳಿದ್ದು ನಂಬಿಕೆಯಾಗಲಿಲ್ಲ. ಗಾದಿಲಿಂಗಮ್ಮ ಗೋಡೆಯ ಮೇಲೆ ಗುಣಿಸಿದಳು, ಕೂಡಿಸಿದಳು, ಹಿಂದಿರುಗಿ ಅಪ್ಪನನ್ನು ನೋಡಿದಳು.

"ಸರಿ ಐತಿ."

"ಸುಂಕಣ್ಣಗ ಕಡೀ ರೊಟ್ಟಿ!" ಎಂದು ಹದಿಮೂರು ಗಂಡಸರು ಒಮ್ಮೆಲೇ ಕೂಗಿದರು. ಅವತ್ತು ಆತನ ಪಾಲಿಗೆ ಬುಟ್ಟಿಯ ತಳದ ತಣ್ಣನೆಯ ರೊಟ್ಟಿ ಬಂತು. ಆತ ಅದನ್ನು ಮೂರು ತುತ್ತಿಗೆ ಮುಗಿಸಿ, ಮೀಸೆ ಒರೆಸಿಕೊಂಡು ಎದ್ದ. ಸಂಜೆ ಮೌಲಾಲಿ ಓಡುತ್ತ ಬಂದು ಸುಭದ್ರಮ್ಮನಿಗೆ ಸುದ್ದಿ ಹೇಳಿದ: "ಅಕ್ಕಾ, ನಿನ್ನ ಗಂಡನ ಬೆನ್ನು ನೋವು ವಾಸಿ ಆತು! ಕಾಟಾದ ಹಂತೇಲಿ ನಿಂತು ಕೂಗಿದ್ದು ರೈಲ್ವೆ ಸ್ಟೇಷನ್ನಿಗೆ ಕೇಳಿರಬೇಕು."

*

ಉಗಾದಿಗೆ ಒಂದು ವಾರ ಇರುವಾಗ ಕರ್ನೂಲಿನಿಂದ ಇನ್ಸ್‌ಪೆಕ್ಟರು ಬಂದರು. ಭೀಮಲಿಂಗಪ್ಪ ಮೇಷ್ಟ್ರು ಬೆಳಿಗ್ಗೆಯೇ ತರಗತಿಯನ್ನು ಹಸನು ಮಾಡಿದ್ದರು, ಜಿನ್ನಿನಲ್ಲಿ ಹತ್ತಿ ಹಸನು ಮಾಡುವಂತೆ. ಬೆಳ್ಳಗಿದ್ದದ್ದು ಮುಂದೆ, ಕಸ ಹಿಂದೆ. ಆದಿಲಕ್ಷ್ಮಿ ಮತ್ತು ಪೇಟೆಯ ವ್ಯಾಪಾರಿಗಳ ಮಕ್ಕಳು ಮೊದಲ ಸಾಲಿನಲ್ಲಿ. ಗಾದಿಲಿಂಗಮ್ಮ ಕಂಬದ ಹಿಂದೆ.

"ನೀ ಕೈ ಎತ್ತಬ್ಯಾಡ, ಲಾಭಮ್ಮ," ಎಂದಿದ್ದರು. "ತಲಿ ಬಗ್ಗಿಸಿ ಕುಂದ್ರು."

ಇನ್ಸ್‌ಪೆಕ್ಟರು ಗಡಿಯಾರ ತೆಗೆದು ಮೇಜಿನ ಮೇಲಿಟ್ಟು, ಬೋರ್ಡಿನ ಮೇಲೆ ಲೆಕ್ಕ ಬರೆಸಿದರು. ಹದಿನೆಂಟು ಮಂದಿಗೆ ತಲಾ ಒಂದೂ ಮುಕ್ಕಾಲು ಸೇರು ಜೋಳ. ಒಟ್ಟು ಎಷ್ಟು?

ಆದಿಲಕ್ಷ್ಮಿಯನ್ನು ಕರೆದರು. ವರ್ಷವಿಡೀ ಸರಿ ಹೇಳಿದವಳು. ಆಕೆ ಬೋರ್ಡಿನ ಮುಂದೆ ನಿಂತಳು, ಗಡಿಯಾರ ನೋಡಿದಳು, ಮೇಷ್ಟ್ರ ಮುಖ ನೋಡಿದಳು, ಏಳರ ಕೆಳಗೆ ನಾಲ್ಕು ಬರೆದಳು. ಅಳಿಸಿ ನಾಲ್ಕರ ಕೆಳಗೆ ಏಳು ಬರೆದಳು. ಆಮೇಲೆ ಆಕೆಯ ಕೈ ಎತ್ತಿದಲ್ಲೇ ನಿಂತಿತು. ಗಾದಿಲಿಂಗಮ್ಮ ಕಂಬದ ಹಿಂದಿನಿಂದ ಆ ಕೈಯನ್ನು ನೋಡಿದಳು. ಆಕೆಗೆ ಆ ಕೈಯ ಗುರುತು ಹತ್ತಿತು.

ಮೊದಲ ಸಾಲಿನ ಇನ್ನೂ ಮೂವರು ಹೋದರು, ತಪ್ಪಿದರು, ಬೋರ್ಡಿನ ಪಕ್ಕದಲ್ಲೇ ನಿಂತರು. ಭೀಮಲಿಂಗಪ್ಪನವರ ಕುತ್ತಿಗೆಯ ನರ ಉಬ್ಬಿತು.

"ಆ ಸ್ತಂಭಂ ವೆನಕ ಎವರು?" ಎಂದು ಇನ್ಸ್‌ಪೆಕ್ಟರು ತೆಲುಗಿನಲ್ಲಿ ಕೇಳುತ್ತ ಕಂಬದ ಹಿಂದಕ್ಕೆ ಬೆರಳು ಮಾಡಿದರು.

"ಆಕಿ ಬರಂಗಿಲ್ಲ ಸಾರ್. ದಡ್ಡಿ," ಎಂದರು ಮೇಷ್ಟ್ರು.

ಗಾದಿಲಿಂಗಮ್ಮ ಅಷ್ಟರಲ್ಲಿ ಎದ್ದಾಗಿತ್ತು.

ಬೋರ್ಡಿನವರೆಗೆ ಹತ್ತು ಹೆಜ್ಜೆ. ಅಂಗೈ ಬೆವರಿತ್ತು, ಹಿಂದಿನಷ್ಟೇ. ಸೀಮೆಸುಣ್ಣ ಎತ್ತಿಕೊಂಡರೆ ನೆನೆಯಿತು, ಗೆರೆ ಮೂಡಲಿಲ್ಲ. ಯಾರೋ ಕಿಸಕ್ಕೆಂದರು. ಆಕೆ ಸೀಮೆಸುಣ್ಣ ಕೆಳಗಿಟ್ಟು, ಬೋರ್ಡಿನ ಕೆಳಗಿನ ಪಟ್ಟಿಯಲ್ಲಿ ಬಿದ್ದಿದ್ದ ಬಿಳಿ ಪುಡಿಯನ್ನು ಬಳಿದು, ಎರಡೂ ಅಂಗೈಗೆ ಹಚ್ಚಿ ತಿಕ್ಕಿಕೊಂಡಳು. ಒಣ ಹಿಟ್ಟು ಹಚ್ಚಿಕೊಂಡಂತೆ. ಆಮೇಲೆ ಹೊಸ ತುಂಡು ಹಿಡಿದು, ಗಟ್ಟಿಯಾಗಿ ಅಂದಳು:

"ಲಾಭ."

ತರಗತಿ ನಕ್ಕಿತು. ಮೇಷ್ಟ್ರು ಹುಬ್ಬು ಗಂಟಿಕ್ಕಿದರು. ಹುಡುಗಿ ನಗು ಮುಗಿಯುವವರೆಗೆ ಕಾದಳು. ಹದಿನಾಲ್ಕು ಗಂಡಸರ ನಗು ಕೇಳಿ ಪಳಗಿದ ಕಿವಿ ಅದು.

"ಏನಮ್ಮಾ ಹಂಗಂದ್ರ?" ಎಂದರು ಇನ್ಸ್‌ಪೆಕ್ಟರು, ಬೆರಕೆ ಕನ್ನಡದಲ್ಲಿ.

"ಕಣದಾಗ ಅಳೆಯೋ ಮುಂದ ಮೊದಲ ಸೇರಿಗೆ ಒಂದು ಅನ್ನಂಗಿಲ್ರಿ. ಲಾಭ ಅಂತೀವಿ. ನಮ್ಮಜ್ಜಿ ಹೇಳಿಕೊಟ್ಟಾಳ."

"ಮಾ ಇಂಟ್ಲೋ ಕೂಡಾ ಅಂತೇ," ನಮ್ಮ ಮನೆಯಲ್ಲೂ ಹಾಗೆಯೇ, ಎಂದರು ಅವರು. "ಸರಿ, ಅಳೆದು ತೋರ್ಸು."

ಆಕೆ ಅಳೆದಳು. ಬಾಯಲ್ಲಿ ಹೇಳುತ್ತ ಕೈಯಲ್ಲಿ ಬರೆದಳು. "ಹದಿನೆಂಟು ಮಂದಿಗೂ ಎರಡೆರಡು ಸೇರು ಹಾಕಿಬಿಟ್ಟೆ. ಮೂವತ್ತಾರು. ಈಗ ಒಬ್ಬೊಬ್ಬರ ಚೀಲದಾಗಿಂದ ಒಂದೊಂದು ಪಾವು ವಾಪಸ್ ತಗಂಡೆ. ಹದಿನೆಂಟು ಪಾವು. ನಾಲ್ಕು ಪಾವಿಗೆ ಸೇರು, ನಾಲ್ಕೂವರಿ ಸೇರು ಆತು. ಮೂವತ್ತಾರರಾಗ ನಾಲ್ಕೂವರಿ ತೆಗೆದ್ರ..." ಮೂವತ್ತೆರಡೂವರೆ ಎಂದು ಬರೆದಳು. ನೋಡಿದಳು. "ತಪ್ಪಾತು," ಎಂದಳು, ಯಾರೂ ಹೇಳುವ ಮೊದಲೇ, ಮುಖ ಅರಳಿಸಿಕೊಂಡು. ಅಂಗೈಯಿಂದ ಒರೆಸಿ ಬರೆದಳು: "ಮೂವತ್ತೊಂದೂವರಿ ಸೇರು."

"ಹೀಗೆ ಮಾಡೋದು ಪುಸ್ತಕದ ಪದ್ಧತಿ ಅಲ್ಲ ಸಾರ್," ಎಂದರು ಭೀಮಲಿಂಗಪ್ಪ.

"ಉತ್ತರ ಪುಸ್ತಕದ್ದೇ ಐತಿ," ಎಂದರು ಇನ್ಸ್‌ಪೆಕ್ಟರು. ಗಡಿಯಾರ ಜೇಬಿಗೆ ಹಾಕಿಕೊಂಡು, ತಮ್ಮ ಪುಸ್ತಕದಲ್ಲಿ ಆಕೆಯ ಹೆಸರು ಕೇಳಿ ಬರೆದುಕೊಂಡರು. "ಲಾಭಮ್ಮ," ಎಂದ ಹಿಂದಿನ ಸಾಲಿನ ಒಬ್ಬ ಹುಡುಗ. "ಗಾದಿಲಿಂಗಮ್ಮ," ಎಂದಳು ಆಕೆ. ಹಾಗೆಯೇ ಬರೆದುಕೊಂಡರು. ಪಾಸು.

ಇನ್ಸ್‌ಪೆಕ್ಟರು ಹೆಡ್‌ಮಾಸ್ಟರ ಕೋಣೆಗೆ ಹೋದರು. ಭೀಮಲಿಂಗಪ್ಪ ಮೇಷ್ಟ್ರು ಬಾಗಿಲು ಮುಂದಕ್ಕೆ ಮಾಡಿ ತಿರುಗಿದರು. ಮೊದಲ ಸಾಲಿನ ನಾಲ್ವರು ಇನ್ನೂ ಬೋರ್ಡಿನ ಪಕ್ಕದಲ್ಲೇ ನಿಂತಿದ್ದರು.

"ನನ್ನ ಮರ್ಯಾದಿ ತೆಗೆದ್ರಿ," ಎಂದರು. "ಈ ತರಗತಿ ಪದ್ಧತಿ ಎಲ್ಲಾರಿಗೂ ಒಂದೇ. ಸರಿ ಹೇಳಿದೋರು ತಪ್ಪು ಹೇಳಿದೋರ ಹಣಿಗೆ ಬರೀಬೇಕು. ಗಾದಿಲಿಂಗಮ್ಮ, ತಗಾ ಸೀಮೆಸುಣ್ಣ. ಮೊದಲು ಆದಿಲಕ್ಷ್ಮಿಗೆ. ಒತ್ತಿ ಬರಿ, ಆಕಿ ನಿಂಗ ಬರೆದಂಗ."

ಅವತ್ತು ಮೊದಲ ಸಲ ಅವರು ಆಕೆಯ ಹೆಸರು ಹಿಡಿದು ಕರೆದಿದ್ದರು.

ಆದಿಲಕ್ಷ್ಮಿ ಕಣ್ಣು ಮುಚ್ಚಿದಳು. ಯಾರೂ ಹೇಳದೆಯೇ ಕೈ ಎತ್ತಿ, ತನ್ನ ಮುಂಗೂದಲನ್ನು ತಾನೇ ಮೇಲಕ್ಕೆ ಹಿಡಿದಳು. ಆಕೆಯ ಬೆರಳುಗಳ ನಡುವೆ ಬೆವರು ಹೊಳೆಯುತ್ತಿತ್ತು.

ಗಾದಿಲಿಂಗಮ್ಮ ಸೀಮೆಸುಣ್ಣವನ್ನು ಬೋರ್ಡಿನ ಪಟ್ಟಿಯ ಮೇಲಿಟ್ಟಳು.

"ಏನೇ?"

"ನಾ ಬರೆಯಂಗಿಲ್ರಿ."

"ಬರೀದಿದ್ರ ನಿನ್ನ ಹಣಿಗೇ ಬರೀತೀನಿ. ಇನ್ಸ್‌ಪೆಕ್ಟರು ಇವತ್ತು ಇರ್ತಾರ, ನಾಳಿ ಹೋಗ್ತಾರ. ಹಾಜರಿ ಪುಸ್ತಕ ಇರೋದು ನನ್ನ ಕೈಯಾಗ. ತಗಾ, ಬರಿ!"

ಹುಡುಗಿ ಬಿಳಿಪುಡಿ ಮೆತ್ತಿದ ಕೈಯಿಂದ ಆದಿಲಕ್ಷ್ಮಿಯ ಕೈ ಹಿಡಿದು ಮೆಲ್ಲಗೆ ಕೆಳಗಿಳಿಸಿದಳು. ಎತ್ತಿ ಹಿಡಿದಿದ್ದ ಕೂದಲು ಆ ಹಣೆಯ ಮೇಲೆ ಮತ್ತೆ ಬಿತ್ತು.

"ನಮ್ಮ ಮನ್ಯಾಗ ತಪ್ಪು ಹೇಳಿದೋರಿಗೆ ಮೊದಲ ರೊಟ್ಟಿ ಕೊಡ್ತೀವ್ರಿ, ಮೇಷ್ಟ್ರೇ," ಎಂದಳು. "ಸೊನ್ನಿ ಬರೆಯಂಗಿಲ್ಲ. ನಾ ಬರೆಯಂಗಿಲ್ಲ."